ತಾರಸಿಯ ಮೇಲಿನ ಕ್ಷೌರದ ಕುರ್ಚಿ

ಮರ್ಫಿ ಟೌನಿನಲ್ಲಿ ನಮ್ಮ ಮೇಲಿನ ಮನೆಯಲ್ಲಿ ಒಬ್ಬರೇ ಇದ್ದ ಕ್ಷೌರಿಕರು, ಅಂಗಡಿಗೆ ರಜೆಯಿರುವ ಮಂಗಳವಾರಗಳ ಸಂಜೆ ತಾರಸಿಯಲ್ಲಿ ಟೆಲಿಸ್ಕೋಪು ನಿಲ್ಲಿಸುತ್ತಿದ್ದರು. ನೆತ್ತಿಯ ಮೇಲಿನ ಚುಕ್ಕಿಗೆ ಗುರಿಯಿಟ್ಟರೆ ಕಣ್ಣಿಡುವ ತುದಿ ತೀರಾ ಕೆಳಗಿಳಿಯುತ್ತಿತ್ತು. ಅದಕ್ಕೇ ಅಂಗಡಿಯ ಹಳೇ ಕುರ್ಚಿಯನ್ನು ಮೇಲಕ್ಕೆ ಹೊತ್ತು ತಂದಿದ್ದರು. ನನ್ನನ್ನು ಕೂರಿಸಿ, ಬೆನ್ನ ಹಿಂದಿನ ಹಿಡಿ ಎಳೆದು ಮಲಗಿಸಿ, ಎರಡೂ ಕೈಯಲ್ಲಿ ತಲೆ ಹಿಡಿದು ತಿರುಗಿಸಿ, "ಕತ್ತು ಸಡಿಲ ಬಿಡಿ ಸಾರ್" ಅನ್ನುತ್ತಿದ್ದರು. ತಾವು ಮಾತ್ರ ನೆಲದ ಮೇಲೆ ಮಂಡಿಯೂರಿ ನೋಡುತ್ತಿದ್ದರು. ಆ ಹಿಡಿ ಕೂತವರ ಕೈಗೆ ಎಟುಕುತ್ತಿರಲಿಲ್ಲ.

ಒಂದು ಮಂಗಳವಾರ ನಾನೇ ಬಲವಂತ ಮಾಡಿ ಅವರನ್ನು ಕೂರಿಸಿ ಹಿಡಿ ಎಳೆದೆ. ತಲೆ ಹಿಡಿದು, "ಕತ್ತು ಸಡಿಲ ಬಿಡಿ" ಅಂದೆ. ಅವರು ಕಣ್ಣು ಮುಚ್ಚಿಬಿಟ್ಟರು.

"ಚುಕ್ಕಿ ಕಾಣ್ತಾ?" ಅಂದೆ.

"ಇರಿ ಸಾರ್, ನೋಡ್ತೀನಿ. ಕೈ ಮಾತ್ರ ಈಗ್ಲೇ ತೆಗೀಬೇಡಿ."