ಬಸ್ಸಿನ ಭಾರ ಸರಿಮಾಡುವ ಹೈದರ್ ಸಾಹೇಬರು

ಶಿವಗಂಗೆಯಿಂದ ಬೆಂಗಳೂರಿಗಿರುವ ದಿನಕ್ಕೊಂದೇ ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿದೆ ಎಂದರೆ ಹೈದರ್ ಸಾಹೇಬರು ಅದರಲ್ಲಿಲ್ಲ ಎಂದೇ ಅರ್ಥ. ಯುದ್ಧದಲ್ಲಿ ಬರ್ಮಾದ ಕಾಡುಗಳಿಗೆ ಸಾಮಾನಿನ ವಿಮಾನ ಹಾರಿಸಿ ಬಂದ ಈ ಮನುಷ್ಯ ಇದ್ದಿಲು ಉರಿಸಿದ ಗ್ಯಾಸಿನಿಂದ ಓಡುವ ನಮ್ಮ ಬಸ್ಸನ್ನೂ ವಿಮಾನವೆಂದೇ ತಿಳಿದಿದ್ದಾರೆ. ಭಾರ ಸಮನಾಗದೆ ಹೊರಡಲು ಬಿಡುವುದಿಲ್ಲ. "ಪಾಪಮ್ಮಾ, ರಾಗಿ ಮೂಟೆ ಮುಂದಕ್ಕಾಕು. ಮೇಷ್ಟ್ರೇ, ಎಡಕ್ಕೆ ಬನ್ನಿ, ನಿಮ್ದು ತೂಕ ಜಾಸ್ತಿ" ಎಂದು ಕೂತವರನ್ನೆಲ್ಲ ಎಬ್ಬಿಸುತ್ತಾರೆ. ಗೊಣಗಿದರೆ ಕಥೆ ಶುರು: ಒಳಗೆ ತುಂಬಿದ್ದ ಹೇಸರಗತ್ತೆಯೊಂದು ಮೋಡದ ನಡುವೆ ಹಾರುವಾಗ ಹಿಂದಕ್ಕೆ ಸರಿದು ವಿಮಾನದ ಮೂಗು ಮೇಲೆದ್ದದ್ದು, ಪಂಜರ ಬಿಚ್ಚಿಕೊಂಡ ಕೋಳಿಗಳ ಪುಕ್ಕದಲ್ಲಿ ದಾರಿಯೇ ಕಾಣದಾದದ್ದು, ಗದ್ದೆಯಗಲದ ಬಯಲಲ್ಲಿ ಇಳಿದದ್ದು. "ಇದು ನೆಲದ ಮೇಲೆ ಓಡೋ ಗಾಡಿ, ಸಾಹೇಬ್ರೇ!" ಎಂದು ಕಂಡಕ್ಟರ್ ಚಿಕ್ಕವೆಂಕಟಪ್ಪ ತಲೆ ಚಚ್ಚಿಕೊಳ್ಳುತ್ತಾನೆ. ಭೌತಶಾಸ್ತ್ರ ಓದಿದ ನಾನೂ ವಾದಿಸಿ ಸೋತಿದ್ದೇನೆ. ಮೊನ್ನೆ ಬಸ್ಸು ತುಂಬಿದ ಮೇಲೆ ಮುತ್ತಮ್ಮ ಜ್ವರದಿಂದ ಕಣ್ಣು ಬಿಡದ ಮಗುವನ್ನೆತ್ತಿಕೊಂಡು, ಆಸ್ಪತ್ರೆಗೆ ಹೋಗಬೇಕೆಂದು ಓಡಿ ಬಂದಳು. "ಇನ್ನೊಂದಾಳು ಹತ್ತಿದ್ರೆ ಬಸ್ಸು ದಿಬ್ಬ ಏರಲ್ಲ ಕಣಮ್ಮ, ನಾಳೆ ಬಾ" ಎಂದ ಚಿಕ್ಕವೆಂಕಟಪ್ಪ. ತೂಕದ ಮಾತಲ್ಲವೇ, ಸಾಹೇಬರು ಹೌದೆನ್ನುತ್ತಾರೆ ಎಂದುಕೊಂಡೆವು. ಅವರು ತಮ್ಮ ಪೆಟ್ಟಿಗೆ ಹಿಡಿದು ಕೆಳಗಿಳಿದರು. "ಹತ್ತಮ್ಮಾ, ನನ್ನ ಜಾಗದಲ್ಲಿ ಕೂತ್ಕೋ. ಬರ್ಮಾದಲ್ಲಿ ಗಾಯಗೊಂಡ ಒಬ್ಬ ಸಿಪಾಯಿಗೆ, ಭಾರ ಜಾಸ್ತಿ ಆಯ್ತು, ನಾಳೆ ಬಂದು ಕರ್ಕೊಂಡು ಹೋಗ್ತೀನಿ ಅಂತ ನಾನೂ ಹೇಳಿದ್ದೆ. ಮಾರನೇ ದಿನ ಹೋದೆ. ಅವನು ಉಳಿದಿರಲಿಲ್ಲ."