ಕೆರೂಬೊ ಬೆನ್ನ ಹಿಂದಿನ ಸಾಲು

ಕೆರೂಬೊಗೆ ವಿಮಾನದ ಹುಚ್ಚು. ಒಂದು ದಿನವೂ ಹತ್ತಿ ಕೂತವಳಲ್ಲ, ಕೂರಬೇಕೆಂಬ ಆಸೆಯೂ ಇರಲಿಲ್ಲ. ಎರಡೂ ಕೈಯಲ್ಲಿ ಕಿತ್ತಳೆ ಬಣ್ಣದ ಕೋಲು ಹಿಡಿದು, ಇಳಿದು ಬಂದ ಆ ದೈತ್ಯನನ್ನು ಕೈಸನ್ನೆಯಲ್ಲೇ ಕರೆದು ಹಳದಿ ಗೆರೆಯ ಮೇಲೆ ನಿಲ್ಲಿಸುವುದು ಅವಳ ಕೆಲಸ. ನೈರೋಬಿ ನಿಲ್ದಾಣದಲ್ಲಿ ಅವಳ ಪಾಳಿಗೆ ಅವಳೊಬ್ಬಳೇ ಹೆಂಗಸು. "ಕಟ್ಕೊಂಡ ಗಂಡನೂ ನನ್ನ ಮಾತು ಇಷ್ಟು ಕೇಳ್ಲಿಲ್ಲ ಕಣ್ರೋ!" ಎಂದು ನಗುತ್ತಿದ್ದಳು.

ಬಾಯಿ ಜೋರು, ಅದಕ್ಕೇ ಕಾರ್ಮಿಕ ಸಂಘದವರು ಅವಳನ್ನು ಪ್ರತಿನಿಧಿ ಮಾಡಿದ್ದು. ಸಾಮಾನು ಹೊರುವವನ ಸೊಂಟ ಹಿಡಿದುಕೊಳ್ಳಲಿ, ಬಸುರಿಗೆ ರಾತ್ರಿ ಪಾಳಿ ಬೀಳಲಿ, ಸಾಹೇಬರ ಮುಂದೆ ನಿಂತು ಜಗಳ ಆಡುವವಳು ಇವಳೇ. ದಿನಗೂಲಿಯವರನ್ನು ಖಾಯಂ ಮಾಡಿ ಎಂದು ಮುಷ್ಕರಕ್ಕೂ ಮುಂದಾದಳು. ಕಂಪನಿಯವರು ಎಲ್ಲರ ಪಾಸು ಕಿತ್ತುಕೊಂಡು ಗೇಟಿನಾಚೆ ದಬ್ಬಿದರು.

ಅಲ್ಲಿಂದ ಗೇಟಿನಾಚೆಯ ಮರದಡಿಯೇ ಬಿಡಾರ. ವಿಮಾನದ ಸದ್ದು ಕೇಳಿದರೆ ಸಾಕು, ತಿನ್ನುತ್ತಿದ್ದ ಉಗಾಲಿ ಮುದ್ದೆ ಬಿಟ್ಟೆದ್ದು ತಂತಿ ಬೇಲಿಗೆ ಮುಖ ಒತ್ತಿ ನಿಲ್ಲುವಳು.

"ಅಕ್ಕಾ, ಊಟ ಮಾಡು ಬಾ. ಅದು ನಿನ್ನ ಕೇಳ್ದೇನೇ ನಿಲ್ಲುತ್ತೆ," ಎಂದು ಸಾಮಾನಿನ ಟ್ರ್ಯಾಕ್ಟರ್ ಓಡಿಸುವ ಮಕೋಖಾ ರೇಗಿಸುವನು.

"ಸೊಟ್ಟ ನಿಲ್ಸಿದಾರೆ ನೋಡೋ, ಬದ್ಲಿ ಬಂದ ಮುಂಡೇವು!"

ಬೈಗುಳ ಬಾಯಲ್ಲಿ, ನೀರು ಕಣ್ಣಲ್ಲಿ. ಆ ಸುಡುವ ನೆಲ, ಆ ಎಣ್ಣೆ ವಾಸನೆ ಅವಳಿಗೆ ಅಷ್ಟು ಬೇಕಾಗಿತ್ತು.

ಒಂದು ಬೆಳಿಗ್ಗೆ ಸಂಘದ ಕಾರ್ಯದರ್ಶಿ ಮುಚೀರಿ ಮುಖ ಸಪ್ಪೆ ಮಾಡಿಕೊಂಡು ಬಂದ. ಕಂಪನಿ ಒಪ್ಪಿದೆಯಂತೆ. ದಿನಗೂಲಿಯವರು ಖಾಯಂ, ಎಲ್ಲರೂ ಒಳಗೆ. ಕೆರೂಬೊ ಒಬ್ಬಳು ಮಾತ್ರ ಬೇಡ.

"ಬೆಂಕಿ ಬೀಳ ಅವರ ಒಪ್ಪಂದಕ್ಕೆ!" ಎಂದ ಮಕೋಖಾ.

"ಬಾಯ್ಮುಚ್ಚೋ. ನಿನ್ನ ಹೆಂಡ್ತಿಗೆ ದಿನ ತುಂಬಿದೆ, ಮರೆತ್ಯಾ? ಒಪ್ಕೊಳ್ಳಿ ಎಲ್ಲಾರೂ," ಎಂದು ಕೆರೂಬೊ ಗದರಿದಳು. ಮಾತೇನೋ ಗಟ್ಟಿಯಾಗೇ ಬಂತು. ಕಣ್ಣು ಮಾತ್ರ ಬೇಲಿಯಾಚೆಗೇ ಇತ್ತು.

ಒಪ್ಪುವುದೋ ಬಿಡುವುದೋ, ಮತಕ್ಕೆ ಹಾಕಿದರು. ಸಂಘದಲ್ಲಿ ಮತ ಹಾಕಲು ಚೀಟಿ ಗೀಟಿ ಇಲ್ಲ. ಬಯಲಲ್ಲಿ ಒಂದೊಂದು ಕಡೆಗೆ ಒಬ್ಬರು ಮುಂದೆ ನಿಲ್ಲಬೇಕು, ಉಳಿದವರು ಬೇಕಾದವರ ಬೆನ್ನ ಹಿಂದೆ ಸಾಲುಗಟ್ಟಬೇಕು. ಎಣಿಸಿ ಮುಗಿಯುವವರೆಗೆ ಮುಂದೆ ನಿಂತವರು ಹಿಂದಿರುಗಿ ನೋಡುವಂತಿಲ್ಲ. ಒಪ್ಪಂದ ಬೇಡವೆನ್ನುವ ಸಾಲಿಗೆ ಮಕೋಖಾ ನಿಂತ. ಒಪ್ಪುವ ಸಾಲಿಗೆ ಯಾರೂ ಮುಂದೆ ಬರಲಿಲ್ಲ. ಕೆರೂಬೊ ತಾನೇ ಹೋಗಿ ನಿಂತಳು. ಆ ಒಂದು ತಪ್ಪು ಮಾಡಿಬಿಟ್ಟಳು ನೋಡಿ, ಪುಣ್ಯಾತ್ಗಿತ್ತಿ!

ನಿಂತ ಮೇಲೆ ಜೀವ ತಡೆಯಲಿಲ್ಲ. ಬರಬೇಡ್ರೋ, ಒಬ್ಬರೂ ಬರಬೇಡಿ, ನಿನ್ನ ಬಿಟ್ಟು ಒಳಗೆ ಹೋಗಲ್ಲ ಅನ್ನಿ, ಎಂದು ಮನಸ್ಸಿನಲ್ಲೇ ಅಂಗಲಾಚಿದಳು. ದೇವರೇ, ಇನ್ನೊಂದೇ ಸಲ ಆ ಹಳದಿ ಗೆರೆಯ ಮುಂದೆ ನಿಲ್ಲಿಸಪ್ಪ. ಹಿಂದೆ ಬೂಟುಗಳು ಸರಿದಾಡಿದವು. ಯಾರೋ ಕೆಮ್ಮಿದರು, ತೀರಾ ಹತ್ತಿರದಲ್ಲಿ.

"ಆಯ್ತು, ತಿರುಗಮ್ಮ," ಎಂದ ಮುಚೀರಿ.

ತಿರುಗಿದಳು. ಎದುರು ಸಾಲಿನ ಜಾಗದಲ್ಲಿ ಬರೀ ಮಣ್ಣು. ಅವಳ ಹಿಂದಿನ ಸಾಲು ಗೇಟಿನವರೆಗೂ ಹೋಗಿತ್ತು. ಕೊನೆಯಲ್ಲಿ ಮಕೋಖಾ. ಅವಳು ಅಲ್ಲಿಯವರೆಗೂ ನಡೆದಳು.

"ನೀನೂ ಬಂದ್ಯೇನೋ?"

"ಇಷ್ಟು ವರ್ಷ ನಿನ್ನ ಹಿಂದೇನೇ ನಿಂತೋರು ನಾವು," ಎಂದು ಅವನು ಬಿಕ್ಕಿದ. "ಇವತ್ತು ನಿನ್ನೆದುರು ಹೆಂಗೆ ನಿಲ್ಲೋದು, ಅಕ್ಕಾ?"

ಕೆರೂಬೊ ಅವನ ಕೆನ್ನೆ ಒರೆಸಿದಳು. "ಹೋಗು," ಎಂದಳು. "ಪಾಳಿಗೆ ಹೊತ್ತಾಯ್ತು."