ಸಾಲಿ ಗೇಟಿನ ಮುಂದಿನ ಅಜ್ಜ

ಬರ್ಕೋ ವಾಣಿ, ನಿಮ್ಮಜ್ಜಿ ನಾ ಹೇಳಿದಂಗ: ನಿಮ್ಮ ಅಜ್ಜಾರು ಅಂದ್ರ ಕೇಶ್ವಾಪುರದ ಸಾಲಿ ಗೇಟಿನ ಮುಂದಿನ ಕಂಬ ಇದ್ದಂಗ. ಮೂರೂವರಿಗೆ ಸಾಲಿ ಬಿಟ್ರ ಇವರು ಎರಡಕ್ಕ ಹೋಗಿ ನಿಂದರ್ತಾರ, ಉಂಡಿದ್ದೂ ಅರ್ಧಾ. ನಿನ್ನ ತಂಗಿ ಶಿವಾನಿ ಎಲ್ಲಿ ತಪ್ಪಿಸ್ಕೊಂತಾಳೋ ಅಂತ ಒಂದ ಚಿಂತಿ. ಮೊದಮೊದಲ ಅಕಿ ಚೀಲದಂಥಾ ಕೆಂಪು ಚೀಲ ಕಂಡ್ರ ಸಾಕು, ಮಂದಿ ಮಕ್ಕಳ ಕೈ ಹಿಡದು ಬೈಸ್ಕೊಂತಿದ್ರು. ಆಮ್ಯಾಲ ಚೀಲ, ರಿಬ್ಬನ್ನು, ಬಲೂನಿನ ಪುಗ್ಗಾ ಮಾರಾಂವ, ಯಾವುದೂ ಕಣ್ಣಿಗೆ ಬೀಳದಂಗ ರೂಢಿ ಮಾಡ್ಕೊಂಡ್ರು. ಅಕಿ ಎಡಗಾಲು ಎಳದು ನಡೀತಿದ್ಲಲ್ಲ, ಅದೊಂದ ಹುಡುಕೂದು. "ನೆಟ್ಟಗ ನಡ್ಯೂ ಹುಡುಗ್ರು ನನಗ ಕಾಣೂದ ಇಲ್ಲ ನೋಡ" ಅಂತ ಜಂಬ ಬ್ಯಾರೆ. ಒಲಿ ಮ್ಯಾಲಿನ ಉಪ್ಪಿಟ್ಟಿಗೆ ಉಪ್ಪು ಹಾಕೀನೋ ಇಲ್ಲೋ, ಇರ್ಲಿ. ಬ್ಯಾಸಿಗಿ ಸೂಟಿಯಾಗ ಅಕಿ ಕಾಲಿನ ಆಪರೇಷನ್ ಆತು, ನಡಿಗಿ ನೆಟ್ಟಗಾತು. ಸಾಲಿ ಸುರುವಾದ ದಿನ ಮಕ್ಕಳೆಲ್ಲಾ ಹೋದ್ರೂ ಇವರು ಅಲ್ಲೇ. "ಒಳಗ ನೋಡ್ರಿ, ನಮ್ಮ ಹುಡುಗಿ ಬಂದಿಲ್ರಿ" ಅಂತ ವಾಚ್‌ಮನ್‌ಗ ಕೈ ಮುಗದ್ರಂತ. ಹಿಂದಿಂದ ಧೋತ್ರ ಜಗ್ಗಿ ಶಿವಾನಿ, "ಅಜ್ಜಾ, ನಿನ್ನ ಮುಂದನ ಎರಡ ಸಲ ಹಾದು ಹೋದೆ" ಅಂದ್ಲು. ಈಗ ದಿನಾ ಸಂಜಿಮುಂದ ಅಕಿನ್ನ ಪಡಸಾಲ್ಯಾಗ ನಡಸ್ತಾರ. "ಇನ್ನೊಮ್ಮೆ ನಡಿ ನಮ್ಮವ್ವಾ, ಈ ಕಣ್ಣಿಗೆ ಇನ್ನೂ ರೂಢಿ ಆಗಿಲ್ಲ."